ಇಮಾಮಸಾಬ ಕೇಳಂಗಿಲ್ಲ

ಮೊಮ್ಮಗಳು ಸುಧಾ ಸಾಫ್ಟ್‌ಬಾಲ್ ಆಡುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಅದು ಎಂಥ ಆಟ ಎಂಬುದು ಮಾತ್ರ ಕಲಬುರಗಿಯ ಮೈದಾನಕ್ಕೆ ಹೋಗಿ ಕುಳಿತು ನೋಡುವವರೆಗೂ ಗೊತ್ತಿರಲಿಲ್ಲ. ನೋಡಿದ ಮೇಲೂ ಬಹಳ ತಿಳಿಯಲಿಲ್ಲ ಅನ್ನಿ. ಒಬ್ಬಳು ಚೆಂಡು ಎಸೆಯುತ್ತಾಳೆ, ಇನ್ನೊಬ್ಬಳು ಬಾರಿಸಿ ಓಡುತ್ತಾಳೆ, ಉಳಿದವರು ಕಿರುಚುತ್ತಾರೆ. ಆಟಕ್ಕೆ ಮೊದಲು ಸುಧಾ ನನ್ನ ಪಕ್ಕ ಕುಳಿತು ನಿಯಮಗಳನ್ನೆಲ್ಲ ವಿವರಿಸಿದ್ದಳು. ನಾನು ಹ್ಞೂಂ ಹ್ಞೂಂ ಅಂದಿದ್ದೆ. ಇತ್ತೀಚೆಗೆ ನಾನು ಬಹಳ ಮಾತಿಗೆ ಹ್ಞೂಂ ಅನ್ನುತ್ತೇನೆ. ಅರ್ಧ ಕೇಳಿಸಿರುತ್ತದೆ, ಇನ್ನರ್ಧ ಅಂದಾಜು. ಮನೆಯಲ್ಲಿ ಇದು ಯಾರಿಗೂ ಗೊತ್ತಿಲ್ಲ ಎಂದು ನನ್ನ ನಂಬಿಕೆ.

ಆಟ ಕೊನೆಗೆ ಬಂದಾಗ ಸುಧಾ ಚೆಂಡಿಗಿಂತ ಮುಂಚೆ ನೆಲದ ಬಿಳಿ ಹಲಗೆ ಮುಟ್ಟಬೇಕೆಂದು ಧೂಳಿನಲ್ಲಿ ಜಾರುತ್ತ ಹೋಗಿ ಕಾಲು ಚಾಚಿದಳು. ಹತ್ತಿರವಿದ್ದ ಅಂಪೈರ್ ಎರಡೂ ಕೈ ಅಗಲಿಸಿ, ಔಟಾಗದೆ ಉಳಿದಳು ಎಂದು ತೋರಿಸಿದ. ಎದುರು ತಂಡದವರು ಅವನ ಮೇಲೆ ಮುಗಿಬಿದ್ದರು. ದೂರ ನಿಂತಿದ್ದ ಇನ್ನಿಬ್ಬರು ಅಂಪೈರುಗಳು ಮಾತ್ರ ಮಿಸುಕಲಿಲ್ಲ, ತುಟಿ ಬಿಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಆ ಮೊದಲಿನವನೇ ನಡೆದುಕೊಂಡು ಅವರ ಹತ್ತಿರ ಹೋದ. ಆಮೇಲೆ ಮೂವರೂ ನಡುಮೈದಾನದಲ್ಲಿ ಜನಕ್ಕೆ ಬೆನ್ನು ಕೊಟ್ಟು ತಲೆಗೆ ತಲೆ ಹಚ್ಚಿ ನಿಂತರು. ಸುಣ್ಣದ ಗೆರೆಯ ಮೇಲೆ ಎದ್ದ ಧೂಳು ನನ್ನ ಮೂಗಿಗೆ ಬಂತು. ಅವರು ಮಾತು ಮುಗಿಸುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಆಳಂದಕ್ಕೆ ಹೋಗಿ ಬಂದೆ.

ನನ್ನದು ಜೇವರ್ಗಿ ತಾಲೂಕಿನ ನೆಲೋಗಿ. ನಲವತ್ತೇಳನೆಯ ಇಸವಿ ಮುಗಿಯುತ್ತ ಬಂದಿದ್ದಾಗ, ತೊಗರಿ ಹೊಲಗಳು ಹಳದಿ ಹೂ ಬಿಟ್ಟ ಹೊತ್ತಿನಲ್ಲಿ, ಆಳಂದದ ಶಾಲೆಗೆ ಮಾಸ್ತರನಾಗಿ ಬಂದೆ. ಹೊಸ ಕೆಲಸ, ಹೊಸ ಕೋಟು, ತಲೆಯಲ್ಲಿ ಮಾತ್ರ ಪೂರಾ ಗೊಂದಲ. ಗೊಂದಲ ನನ್ನೊಬ್ಬನದೇ ಆಗಿರಲಿಲ್ಲ. ಆಗಸ್ಟಿನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮಗೆ ಬಂದಿರಲಿಲ್ಲ. ನಾವು ಇನ್ನೂ ನಿಜಾಮರ ರಾಜ್ಯದಲ್ಲೇ ಇದ್ದೆವು. ಒಂದು ರೇಡಿಯೋ ಒಂದು ಹೇಳುತ್ತಿತ್ತು, ಇನ್ನೊಂದು ರೇಡಿಯೋ ಇನ್ನೊಂದು ಹೇಳುತ್ತಿತ್ತು. ಚಹಾದ ಅಂಗಡಿಯಲ್ಲಿ ಎರಡನ್ನೂ ಕೇಳಿದವರು ಮೂರನೆಯದನ್ನು ಹೇಳುತ್ತಿದ್ದರು.

ಶಾಲೆಯಲ್ಲಿ ನಾನು ಭೂಗೋಳದ ಪಾಠಕ್ಕೆ ನಕಾಶೆ ತೂಗುಹಾಕಿದ ಮೊದಲ ದಿನವೇ ಒಬ್ಬ ಹುಡುಗ ಎದ್ದು ನಿಂತ.

"ಸರ್, ನಮ್ಮ ಅತ್ತಿ ಅಕ್ಕಲಕೋಟದಾಗ ಇರ್ತಾಳ್ರಿ. ಅಕಿ ಈಗ ಪರದೇಶದಾಕಿ ಆದ್ಲೇನ್ರಿ?"

ಅಕ್ಕಲಕೋಟವೆಂದರೆ ನಿಜಾಮರ ಗಡಿಯಾಚೆ, ಆಳಂದದವರು ಬುತ್ತಿ ಕಟ್ಟಿಕೊಂಡು ಬಂಡಿಯಲ್ಲಿ ಹೋಗಿ ಬರುತ್ತಿದ್ದ ಊರು. ನಾನು ಮೊದಲು ಇಲ್ಲ ಅಂದೆ. ಆಮೇಲೆ ಒಂಥರಾ ಹೌದು ಅಂದೆ. ಹುಡುಗರು ನಕ್ಕರು. ಸುದ್ದಿ ಹೆಡ್‌ಮಾಸ್ತರರಿಗೆ ಮುಟ್ಟಿತು. ಅವರು ಬಲು ಮೆದು ಮನುಷ್ಯ. ನನ್ನನ್ನು ಕರೆದು, "ಮಾಸ್ತರ, ಸದ್ಯಕ್ಕ ಭೂಗೋಳ ಬಿಟ್ಟುಬಿಡ್ರಿ. ಲೆಕ್ಕ ಹೇಳ್ರಿ. ಲೆಕ್ಕ ಎಲ್ಲಾ ಕಡೆ ಒಂದೇ ಇರ್ತದ" ಎಂದರು. ನಕಾಶೆಯನ್ನು ಸುತ್ತಿ ಕಪಾಟಿನ ಮೇಲಿಟ್ಟೆ.

ಅದೇ ಹೆಡ್‌ಮಾಸ್ತರರು ನನ್ನನ್ನು ಪಂಚನನ್ನಾಗಿ ಮಾಡಿದರು. ಆಳಂದದಲ್ಲಿ ಸುಗ್ಗಿಯ ದಿನಗಳ ಸಂಜೆಗೆ ಹುತುತು ಆಟ ಬಹಳ ಜೋರು. ಈಗಿನವರು ಕಬಡ್ಡಿ ಅನ್ನುತ್ತಾರಲ್ಲ, ಅದರ ಅಣ್ಣ ಎಂದು ತಿಳಿದುಕೊಳ್ಳಿ. ಒಂದೇ ದಮ್ಮಿನಲ್ಲಿ ಹುತುತುತು ಎನ್ನುತ್ತ ಎದುರಿನವರ ಅಂಗಳಕ್ಕೆ ನುಗ್ಗಬೇಕು, ಯಾರನ್ನಾದರೂ ಮುಟ್ಟಿ ದಮ್ಮು ಮುರಿಯುವ ಮೊದಲೇ ನಡುಗೆರೆಗೆ ವಾಪಸು ಬರಬೇಕು. ಬಂದರೆ 'ಉಳದ', ಅಲ್ಲೇ ಹಿಡಿಸಿಕೊಂಡು ದಮ್ಮು ಬಿಟ್ಟರೆ 'ಸತ್ತ'. ಅದನ್ನು ಹೇಳುವವರು ಪಂಚರು, ಮೂರು ಜನ. ಮೊದಲಿದ್ದ ಮೂರನೆಯವರು ದಸರೆಯ ಹೊತ್ತಿಗೆ ಊರು ಬಿಟ್ಟಿದ್ದರು. ಯಾಕೆ, ಎಲ್ಲಿಗೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. "ನೀವು ನೆಲೋಗಿಯವರು, ಇಲ್ಲಿ ಯಾವ ಓಣಿಗೂ ಸೇರಿದವರಲ್ಲ. ನೀವೇ ನಿಂದ್ರಿ" ಎಂದರು ಹೆಡ್‌ಮಾಸ್ತರರು. ಯಾವ ಕಡೆಗೂ ಸೇರದಿರುವುದೇ ಆ ವರ್ಷ ದೊಡ್ಡ ಅರ್ಹತೆಯಾಗಿತ್ತು.

ಉಳಿದಿಬ್ಬರು ಪಂಚರು ಇಮಾಮಸಾಬ ಮತ್ತು ಮಲ್ಲಣ್ಣ. ಇಮಾಮಸಾಬರು ನದಾಫರು, ಅರಳೆ ಹಿಂಜಿ ಗಾದಿ ತುಂಬುವವರು. ದಿನವಿಡೀ ಅಂಗಡಿಯಲ್ಲಿ ಹಿಂಜುವ ಬಿಲ್ಲಿನ ಟಂಯ್ ಟಂಯ್ ಸದ್ದು. ಹುಬ್ಬು, ಗಡ್ಡ, ಟೋಪಿ ಎಲ್ಲದರ ಮೇಲೂ ಅರಳೆಯ ನವಿರು ಕೂತಿರುತ್ತಿತ್ತು. ಕೊರಳಲ್ಲಿ ಕರೀ ದಾರಕ್ಕೆ ಕಟ್ಟಿದ ಹಿತ್ತಾಳೆ ಸೀಟಿ. ಮಲ್ಲಣ್ಣ ದನದ ಸಂತೆಯ ದಲಾಲಿ, ಮಾತಿನ ಮಲ್ಲ, ಹೆಗಲ ಮೇಲೆ ಸದಾ ನೀಲಿ ಅಂಚಿನ ದೊಡ್ಡ ಕರವಸ್ತ್ರ, ನಮ್ಮ ಕಡೆಯ ದಸ್ತಿ. ಅದರ ಒಂದು ಮೂಲೆಯಲ್ಲಿ ಬೀಡಿ ಸುಟ್ಟ ತೂತು. ಇಬ್ಬರೂ ಮೀಸೆ ಮೂಡುವ ಕಾಲದಿಂದ ಒಟ್ಟಿಗೆ ಪಂಚರಾಗಿ ನಿಂತವರು.

ನನ್ನ ಮೊದಲ ಆಟದಲ್ಲೇ ಪಜೀತಿ ಮಾಡಿಕೊಂಡೆ. ಇಮಾಮಸಾಬರು ಸೀಟಿ ಊದಿ ಒಬ್ಬನನ್ನು 'ಉಳದ' ಎಂದರು. ಅವನ ಕಾಲು ಅಂಗಳದ ಅಂಚಿನ ಗೆರೆಯಾಚೆ ಹೋದದ್ದನ್ನು ನಾನು ಕಂಡಿದ್ದೆ. ಹುರುಪಿನಲ್ಲಿ ಕೈ ಎತ್ತಿ, "ಇಲ್ರಿ, ಅವ ಸತ್ತಾನ!" ಎಂದು ಕೂಗಿದೆ. ತಕ್ಷಣ ಒಂದು ಕಡೆಯವರು ಇಮಾಮಸಾಬರನ್ನು ಸುತ್ತುಗಟ್ಟಿದರು, ಇನ್ನೊಂದು ಕಡೆಯವರು ನನ್ನನ್ನು. ಮಲ್ಲಣ್ಣ ಅಂಗಳ ದಾಟಿ ಬಂದು ನನ್ನ ಮೊಣಕೈ ಹಿಡಿದು ಬೇವಿನ ಗಿಡದ ಕೆಳಗೆ ಕರೆದೊಯ್ದ.

"ಮಾಸ್ತರ, ನಿಮ್ಮನ್ನ ಯಾರರ ಕೇಳಿದ್ರೇನು?"

"ಕೇಳಬೇಕೇನ್ರಿ? ನಾ ಕಣ್ಣಾರೆ ನೋಡೇನಿ."

"ನೋಡಿರಬೇಕು. ಆದ್ರ ಸೀಟಿ ಊದಿದಾಂವ ಇಮಾಮಸಾಬ. ಮಾತು ಅವಂದು. ಅವಗ ಸಂಶೆ ಬಂದ್ರ ಅವನೇ ಕೇಳ್ತಾನ. ಕೇಳಿದ ಮ್ಯಾಲೆ ಹೇಳ್ರಿ, ಬೇಕಾದ್ರ ಬೈದು ಹೇಳ್ರಿ. ಕೇಳದೇ ಹೇಳಿದ್ರ ನೋಡ್ರಿ ಏನಾತು, ಎರಡು ದಂಡು ಆತು. ಪಂಚರು ಮೂರು ಮಂದಿ ಇದ್ರೂ ಊರಿಗೆ ಒಂದೇ ಬಾಯಿ ಕಾಣಬೇಕು."

"ಮತ್ತ ತಪ್ಪು ಹೇಳಿದ್ರ?"

"ತಪ್ಪು ಹೇಳಿದ ಬಾಯೇ ತಿದ್ದಿ ಹೇಳಬೇಕು. ನಿಮ್ಮ ಬಾಯಿ ಅಲ್ಲ, ನಂದೂ ಅಲ್ಲ."

ನನಗೆ ಇದು ವಿಚಿತ್ರವೆನಿಸಿತು. ತಪ್ಪು ಕಂಡರೆ ಕೆಂಪು ಗೀಟು ಎಳೆಯುವುದೇ ನನ್ನ ಕಸುಬು. ಇಲ್ಲಿ ತಪ್ಪು ಮಾಡಿದವನು ಬಂದು ಕೇಳುವತನಕ ಕಾಯಬೇಕಂತೆ. ಅವನು ಕೇಳದೇ ಹೋದರೆ? ಮಲ್ಲಣ್ಣ ಬೀಡಿ ಹಚ್ಚಿದ.

ಕೇಳುವ ರೀತಿಯೂ ಅವರದೇ ಆಗಿತ್ತು. ದನದ ಸಂತೆಯಲ್ಲಿ ದಲಾಲಿಗಳು ಬಟ್ಟೆಯ ಕೆಳಗೆ ಕೈ ಹಿಡಿದು ಬೆರಳು ಒತ್ತಿ ವ್ಯವಹಾರ ಮಾಡುವುದನ್ನು ಎಲ್ಲರೂ ನೋಡಿರುತ್ತಾರೆ. ಮಲ್ಲಣ್ಣ ಅದನ್ನೇ ಆಟದ ಅಂಗಳಕ್ಕೆ ತಂದಿದ್ದ. ಸೀಟಿ ಊದಿದವನಿಗೆ ಅನುಮಾನ ಬಂದರೆ ಅವನು ಜೊತೆಯ ಪಂಚನ ಹೆಗಲಿನಿಂದ ದಸ್ತಿ ಎಳೆದುಕೊಳ್ಳುತ್ತಾನೆ. ಅದೇ ಕೇಳುವುದು. ಆಗ ಇಬ್ಬರೂ ನಡುವೆ ನಿಂತು, ದಸ್ತಿಯ ಕೆಳಗೆ ಕೈ ಸೇರಿಸುತ್ತಾರೆ. ಒಂದು ಬೆರಳು ಕೊಟ್ಟರೆ ಸತ್ತ, ಎರಡು ಕೊಟ್ಟರೆ ಉಳದ, ಅಂಗೈ ಚಾಚಿದರೆ ನಾನು ನೋಡಿಲ್ಲ. ಮೊದಲ ಸಲ ಮಲ್ಲಣ್ಣ ತನ್ನ ದಸ್ತಿಯನ್ನು ನನ್ನ ಹೆಗಲಿಗೆ ಹಾಕಿ ನಿಲ್ಲಿಸಿದಾಗ ಗಾಬರಿಯಲ್ಲಿ ನಾನು ಇಮಾಮಸಾಬರ ಕೈ ಕುಲುಕಿಬಿಟ್ಟೆ. ಅವರು ದಸ್ತಿ ಸರಿಸಿ ನನ್ನ ಮುಖ ನೋಡಿ, "ಇವತ್ತ ಈದ ಅದ ಏನ್ರೀ ಮಾಸ್ತರ ಸಾಬ್?" ಎಂದರು. ಮಂದಿಗೆ ಮಾತ್ರ ಒಳಗೆ ಏನು ನಡೆಯಿತೆಂದು ತಿಳಿಯಲಿಲ್ಲ. ಗುಟ್ಟು ಕಾಯಲೆಂದೇ ಈ ದಸ್ತಿ ಎಂದು ನಾನು ತಿಳಿದುಕೊಂಡೆ.

ಇಮಾಮಸಾಬರ ಬಗ್ಗೆ ನನಗೆ ಪೂರ್ತಿ ಒಲವು ಹುಟ್ಟಲಿಲ್ಲ ಎಂದೇ ಹೇಳಬೇಕು. ಬೀದಿಯಲ್ಲಿ ಹಿಂದಿನಿಂದ ಎಷ್ಟು ಸಲ ಕರೆದರೂ ತಿರುಗಿ ನೋಡುತ್ತಿರಲಿಲ್ಲ. ದೊಡ್ಡ ಪಂಚರೆಂಬ ಸೊಕ್ಕು ಅಂದುಕೊಂಡೆ. ಎದುರಿಗೆ ನಿಂತು ಮಾತಾಡಿಸಿದರೆ ಅವರ ದೃಷ್ಟಿ ನನ್ನ ಬಾಯಿಯ ಮೇಲೆಯೇ ನೆಟ್ಟಿರುತ್ತಿತ್ತು. ಎಲೆಅಡಿಕೆಯ ಕಲೆ ಉಳಿದಿದೆಯೇನೋ ಎಂದು ನಾನು ಮತ್ತೆ ಮತ್ತೆ ತುಟಿ ಒರೆಸಿಕೊಳ್ಳುತ್ತಿದ್ದೆ. ಆಟದಲ್ಲಿಯೂ ಅವರದೊಂದು ಒಗಟು. ಮುಟ್ಟಿದ್ದು, ಗೆರೆ ತುಳಿದದ್ದು ಇಂಥವುಗಳಲ್ಲಿ ಅವರು ಯಾರನ್ನೂ ಕೇಳುತ್ತಿರಲಿಲ್ಲ, ತಪ್ಪುವುದೂ ಅಪರೂಪ. ದಮ್ಮಿನ ಮಾತು ಬಂದರೆ ಮಾತ್ರ ಮಲ್ಲಣ್ಣನ ದಸ್ತಿಗೆ ಕೈ ಹಾಕುತ್ತಿದ್ದರು. ಇಷ್ಟು ವರ್ಷದ ಪಂಚರಿಗೆ ದಮ್ಮಿನಲ್ಲೇ ಯಾಕೆ ಅನುಮಾನ?

ಎಳ್ಳ ಅಮಾವಾಸ್ಯೆಯ ಚಳಿಗೆ ಒಂದು ಗಾದಿ ಮಾಡಿಸಲು ಅವರ ಅಂಗಡಿಗೆ ಹೋಗಿದ್ದೆ. ಹೊಸ ಅರಳೆಯ ಹಸಿ ವಾಸನೆ, ಎಣ್ಣೆ ದೀಪದ ವಾಸನೆ. ಸೀಟಿಯನ್ನು ಅಂಗಿಯ ತುದಿಯಿಂದ ಒರೆಸುತ್ತ ಕುಳಿತಿದ್ದರು. ನಾನು ಸುಮ್ಮನೆ, "ಇದನ್ನ ಇನ್ನ ಎಷ್ಟು ದಿನ ಊದ್ತೀರಿ?" ಎಂದು ನಗುತ್ತ ಕೇಳಿದೆ. ಅವರು ನಗಲಿಲ್ಲ.

"ನಮ್ಮಪ್ಪ ಬಿಲ್ಲು ಕೊಟ್ಟ ಹೋದ. ಈ ಸೀಟಿ ಊರು ಕೊಟ್ಟದ್ದು. ನಾ ಇಳಸಿದಾಗ ಇದು ಇಳೀಬೇಕು ಮಾಸ್ತರ ಸಾಬ್. ಮಂದಿ ಇಳಸಬಾರದು. ಮಂದಿ ಇಳಸಿದ್ರ ನಾ ಈ ಊರಾಗ ತಲಿ ಎತ್ತಿ ಅಡ್ಡಾಡಂಗಿಲ್ಲ."

ಜೋಳದ ತೆನೆ ಹಾಲು ತುಂಬಿ, ಎಳೆ ತೆನೆ ಸುಟ್ಟು ಸೀತನಿ ತಿಂದು, ಕೊಯ್ಲೂ ಮುಗಿಯಿತು. ಹೊಲಗಳು ಬರಿದಾದವು. ಅದೇ ಹೊತ್ತಿಗೆ ಊರಲ್ಲಿ ಒಂದೊಂದೇ ಬಾಗಿಲಿಗೆ ಬೀಗ ಬೀಳತೊಡಗಿತು. ಇಂದು ಇದ್ದವರು ನಾಳೆ ಇರುತ್ತಿರಲಿಲ್ಲ. ರಾತ್ರಿ ಯಾರೋ ಬಂದರಂತೆ, ಯಾವುದೋ ಊರಿನಲ್ಲಿ ಇಷ್ಟು ಜನ ಸತ್ತರಂತೆ, ಇಷ್ಟು ಜನ ಉಳಿದರಂತೆ ಎಂಬ ಸುದ್ದಿ. ಆಟದಲ್ಲಿ ನಾವು ಕೂಗುತ್ತಿದ್ದ ಮಾತುಗಳೇ ಚಹಾದಂಗಡಿಯಲ್ಲೂ ಕೇಳಿಬರುತ್ತಿದ್ದವು.

ಒಂದು ಮುಂಜಾನೆ ನಾನು ಶಾಲೆಗೆ ಹೊರಟಿದ್ದೆ. ಎದುರಿಗೆ ಮಲ್ಲಣ್ಣನ ಬಂಡಿ ಬಂತು. ಹಾಸಿಗೆ ಸುರುಳಿ, ಹಂಡೆ, ಹೆಂಡತಿ, ಮಕ್ಕಳು ಎಲ್ಲ ಅದರಲ್ಲಿದ್ದರು. ಕಾವಲಿನ ನಾಕಾ ಕತ್ತಲಿಗೆ ಮುಚ್ಚುವ ಮೊದಲೇ ಗಡಿ ದಾಟಬೇಕೆಂಬ ಅವಸರ. ಎತ್ತುಗಳನ್ನು ನಿಲ್ಲಿಸಲೂ ಇಲ್ಲ ಅವನು. ನಾನು ಬಂಡಿಯ ಪಕ್ಕದಲ್ಲೇ ಓಡಿದೆ.

"ಎಲ್ಲಿಗ್ರೀ ಮಲ್ಲಣ್ಣಾರ?"

"ಅಕ್ಕಲಕೋಟ ಕಡೆ, ಬೀಗರ ಊರಿಗೆ. ಹೆಂಗಸರು ಅಂಜಾಕತ್ತಾರ."

"ಯಾವಾಗ ಬರ್ತೀರಿ?"

"ಏನ್ ಹೇಳ್ಲಿ. ನೋಡಾಮು." ಹೆಗಲ ದಸ್ತಿ ತೆಗೆದು ನನ್ನ ಕಡೆ ಎಸೆದ. ಬಂಡಿಯ ಗಾಲಿ ಕಲ್ಲಿನ ಮೇಲೆ ಗಡಗಡ ಉರುಳುತ್ತಿತ್ತು. ಅದರ ನಡುವೆಯೇ ಬಾಗಿ ಏನೋ ಹೇಳಿದ. ನನಗೆ ಕೇಳಿಸಿದ್ದು ಇಷ್ಟು: "ಇಮಾಮಸಾಬ ಕೇಳಂಗಿಲ್ರಿ. ನೀವು ಮುಂದ ನಿಂದ್ರಬೇಕು."

ಬಂಡಿ ಹೋಯಿತು. ನಾನು ದಸ್ತಿ ಹಿಡಿದುಕೊಂಡು ನಿಂತೆ. ಇಮಾಮಸಾಬ ಕೇಳುವುದಿಲ್ಲ. ಅಂದರೆ ಯಾರ ಮಾತನ್ನೂ ಕೇಳದ ಹಟಮಾರಿ ಎಂದೇ? ಅಥವಾ ಇನ್ನು ಮೇಲೆ ಅವರು ನಿಮ್ಮನ್ನು ಕೇಳುವುದಿಲ್ಲ, ನೀವೇ ಮುಂದಾಗಿ ನಿಂತು ಆಟ ನಡೆಸಬೇಕು ಎಂದೇ? ಎರಡೂ ನನಗೆ ಸರಿಕಂಡವು. ಆಮೇಲಿನ ದಿನಗಳು ಅದನ್ನು ನಿಜವೂ ಮಾಡಿದವು. ಮಲ್ಲಣ್ಣ ಹೋದ ಮೇಲೆ ಇಮಾಮಸಾಬರು ಯಾರ ಹೆಗಲಿಗೂ ಕೈ ಹಾಕಲೇ ಇಲ್ಲ. ದಮ್ಮಿನ ಮಾತು ಬಂದರೂ ಯಾರನ್ನೂ ಕೇಳದೆ ತಾವೇ ಹೇಳಿಬಿಡುತ್ತಿದ್ದರು, ಆಗೀಗ ತಪ್ಪುತ್ತಲೂ ಇದ್ದರು. ನಾನು ಮುಂದಾಗಿ ಆಟ ನಡೆಸಲು ಹೋದರೆ ತಬ್ಬಿಬ್ಬಾಗಿ ನನ್ನನ್ನೇ ನೋಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ತಪ್ಪು ಎದ್ದು ಕಾಣುತ್ತಿದೆ, ನಾನು ಇಲ್ಲಿಯೇ ನಿಂತಿದ್ದೇನೆ, ಒಂದು ಮಾತು ಕೇಳಲು ಈ ಮನುಷ್ಯನಿಗೆ ಏನು ಧಾಡಿ?

ಬೇರೆ ವರ್ಷವಾಗಿದ್ದರೆ ಜನ, ಮುದುಕರಾದರು ಎಂದು ನಕ್ಕು ಬಿಡುತ್ತಿದ್ದರೇನೋ. ಆ ವರ್ಷ ಯಾವ ತಪ್ಪೂ ಬರೀ ತಪ್ಪಾಗಿ ಉಳಿಯುತ್ತಿರಲಿಲ್ಲ. "ಇಮಾಮಸಾಬನೂ ಒಂದು ಕಡೆ ಆದ ನೋಡ್ರಿ" ಎಂದು ಮಂದಿ ಗುಸುಗುಸು ಶುರುಮಾಡಿದರು. ಯಾವ ಕಡೆ ಎಂದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ಮಲ್ಲಣ್ಣ ಊರು ಬಿಟ್ಟದ್ದಕ್ಕೂ ಇದಕ್ಕೂ ಗಂಟು ಹಾಕಿದವರೂ ಇದ್ದರು. ಅದನ್ನು ಮಾತ್ರ ನಾನು ನಂಬಲಿಲ್ಲ. ಹಟಮಾರಿ ಅಂದುಕೊಂಡಿದ್ದೆ, ನಿಜ. ಆದರೆ ಆ ಮನುಷ್ಯ ಮೋಸಗಾರನಲ್ಲ.

ಯುಗಾದಿ ಕಳೆದ ಮೇಲೆ ಅಫಜಲಪುರದ ತಂಡ ಬರುವುದು ವಾಡಿಕೆ. ಆ ಸಲ ಕರೆಯಬೇಕೋ ಬೇಡವೋ ಎಂದು ಹಿರಿಯರು ಚಾವಡಿಯಲ್ಲಿ ಕುಳಿತು ಬಹಳ ಹೊತ್ತು ಜಗ್ಗಾಡಿದರು. ಕರೆದರೆ ಗದ್ದಲವಾದೀತು, ಕರೆಯದಿದ್ದರೆ ಅದಕ್ಕೇ ಒಂದು ಅರ್ಥ ಹುಟ್ಟೀತು. ಕಡೆಗೆ, "ವರ್ಷಾ ಬರ್ತಾರ, ಈ ವರ್ಷಾನೂ ಬರ್ಲಿ" ಎಂದಾಯಿತು.

ಬಂದರು. ಅವರ ಮುಖಂಡ ಸಿದ್ರಾಮಪ್ಪ, ಬಾಗಿಲಿಗೆ ಬಗ್ಗಿ ಹೋಗಬೇಕಾದಷ್ಟು ಎತ್ತರದ ಆಳು. ಆಟ ಶುರುವಾಗುವ ಮೊದಲು ಎಲ್ಲರ ಎದುರಿಗೆ ಇಮಾಮಸಾಬರ ಮುಂದೆ ಬಂದು ನಿಂತ.

"ಕಾಕಾ, ಇಷ್ಟು ವರ್ಷ ನಿಮ್ಮ ಮಾತಿಗೆ ನಾವು ಎದುರಾಡಿಲ್ಲ. ಈಗ ಮಂದಿ ಬ್ಯಾರೆ ಮಾತಾಡಾಕತ್ತಾರ. ಇವತ್ತ ನಿಮ್ಮ ಒಂದ ಮಾತು ಸುಳ್ಳೇ ಆಳಂದದ ಕಡೆ ವಾಲಿದ್ರೂ ಸೀಟಿ ಇಳಸಬೇಕು ನೋಡ್ರಿ."

ಇಮಾಮಸಾಬರು ಅವನ ತುಟಿಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ, "ಇಳಸ್ತೇನಿ" ಎಂದರು.

ಬಿಸಿಲು ಇಳಿದಿತ್ತು, ಸೆಕೆ ಇಳಿದಿರಲಿಲ್ಲ. ಅಂಗಳದ ಸುತ್ತ ಜನ ಕಿಕ್ಕಿರಿದಿದ್ದರು. ಆದರೆ ಮೊದಲಿನಂತೆ ಕಲೆತು ಕುಳಿತಿರಲಿಲ್ಲ, ಇವರು ಇಲ್ಲಿ, ಅವರು ಅಲ್ಲಿ. ಎಷ್ಟೋ ಕೈಗಳಲ್ಲಿ ಕೋಲು ಇದ್ದವು. ಅಲ್ಲಿಯವರೆಗೆ ಮನೆಯಲ್ಲೇ ಇಟ್ಟಿದ್ದ ಮಲ್ಲಣ್ಣನ ದಸ್ತಿಯನ್ನು ನಾನು ಅಂದು ಹೆಗಲ ಮೇಲೆ ಹಾಕಿಕೊಂಡು ಹೋಗಿದ್ದೆ. ಯಾಕೆ ಎಂದು ನನಗೇ ಗೊತ್ತಿರಲಿಲ್ಲ. ಬರಿಗೈಯಲ್ಲಿ ಹೋಗಲು ಅಂಜಿಕೆಯಾಗಿರಬೇಕು.

ಆಟ ಸಮಸಮ ನಡೆಯಿತು. ಕೊನೆಕೊನೆಗೆ ಆಳಂದದ ಶರಣ ಎಂಬ ಗಟ್ಟಿ ಹುಡುಗ ದಮ್ಮು ಹಾಕಿಕೊಂಡು ಒಳನುಗ್ಗಿ, ಇಬ್ಬರನ್ನು ಮುಟ್ಟಿ ತಿರುಗಿದ. ಸಿದ್ರಾಮಪ್ಪ ಅವನ ಕಾಲಿಗೆ ಬಿದ್ದ, ಉಳಿದವರು ಸೊಂಟಕ್ಕೆ ಬಿದ್ದರು. ಶರಣ ಮಕಾಡೆ ಬಿದ್ದ, ಮುಖ ಪೂರಾ ಮಣ್ಣಿನಲ್ಲಿ. ಅಲ್ಲಿಂದಲೇ ಹುತುತುತು ಎಂಬ ಸದ್ದು ಬರುತ್ತಿತ್ತು. ಆಮೇಲೆ ಹಕ್ ಎಂದು ಒಂದು ಉಸಿರು ಬಂದು ಸದ್ದು ನಿಂತಿತು. ನಿಂತದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅದಾದ ಮೇಲೆ ಅವನ ಕೈ ನಿಧಾನವಾಗಿ ತೆವಳಿ ಗೆರೆಯನ್ನು ಮುಟ್ಟಿತು.

ಇಮಾಮಸಾಬರು ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಸೀಟಿ ಊದಿದರು. "ಉಳದ!"

ಆಳಂದದವರು ಟೋಪಿ, ಪಟಕ ಹಾರಿಸಿದರು. ಅಫಜಲಪುರದವರು ಅಂಗಳದೊಳಕ್ಕೆ ನುಗ್ಗಿದರು. "ದಮ್ಮ ಮುರದಿತ್ತು! ಖರೇ ಹೇಳ್ರಿ, ದಮ್ಮ ಮುರದಿಲ್ಲೇನು?" ಎಂದು ಸಿದ್ರಾಮಪ್ಪ ಗರ್ಜಿಸಿದ. ಕೋಲುಗಳು ಮೇಲೆದ್ದವು. ಇಮಾಮಸಾಬರು ಎರಡೂ ಕೈ ಎತ್ತಿದರು. ಹಳೆಯ ರೂಢಿಗೋ ಏನೋ, ಅಷ್ಟು ಜನರೂ ಒಂದು ಗಳಿಗೆ ಸುಮ್ಮನಾದರು.

ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಕೇಳದೆ ಹೇಳಬಾರದು. ಹೇಳಿದರೆ ಎರಡು ದಂಡು, ಆ ದಿನದ ದಂಡು ಹುಡುಗಾಟದ್ದಲ್ಲ. ಹೇಳದಿದ್ದರೆ ಸುಳ್ಳು ಮಾತು ನಿಂತುಹೋಗುತ್ತದೆ, ಸೀಟಿ ಇಳಿಯುತ್ತದೆ, ಅವರ ಹೆಸರಿನ ಮೇಲಿನ ಮಸಿ ಎಂದಿಗೂ ಹೋಗುವುದಿಲ್ಲ. ಹೆಸರು ಹಿಡಿದು ಕರೆದರೆ ತಪ್ಪಿಲ್ಲವಲ್ಲ ಎಂದು ಅವರ ಬೆನ್ನ ಹಿಂದೆ ಹೋಗಿ, "ಇಮಾಮಸಾಬರ" ಎಂದೆ. ಅವರು ತಿರುಗಲಿಲ್ಲ. ಇನ್ನೂ ಹತ್ತಿರ ಹೋಗಿ ಗಟ್ಟಿಯಾಗಿ ಕರೆದೆ. ಅಂಗಳದಾಚೆಯ ಜನ ನನ್ನ ಕಡೆ ತಿರುಗಿದರು. ಬೇವಿನ ಗಿಡದ ಕೆಳಗಿದ್ದ ನಾಯಿ ಕೂಡ ಕಿವಿ ನಿಮಿರಿಸಿತು. ಕೈಯಳತೆಯಲ್ಲಿದ್ದ ಇಮಾಮಸಾಬರು ಮಾತ್ರ ತಿರುಗಲಿಲ್ಲ.

ಆಗ ನನಗೆ ಬಂಡಿಯ ಗಾಲಿಯ ಸದ್ದು ನೆನಪಾಯಿತು. ಮಲ್ಲಣ್ಣ ಹೇಳಿದ್ದು 'ಇಮಾಮಸಾಬ ಕೇಳಂಗಿಲ್ಲ' ಎಂದಲ್ಲ. 'ಇಮಾಮಸಾಬಗ ಕೇಳಂಗಿಲ್ಲ' ಎಂದು. ಒಂದು 'ಗ' ಗಾಲಿಯ ಕೆಳಗೆ ಸಿಕ್ಕಿ ಪುಡಿಯಾಗಿತ್ತು. ನಾನು ಅವರನ್ನು ಯಾರನ್ನೂ ಕೇಳದವರು ಎಂದುಕೊಂಡಿದ್ದೆ. ಅವರು ಕಿವಿ ಕೇಳದವರು. ವರ್ಷಗಟ್ಟಲೆ ಬಿಲ್ಲಿನ ಟಂಯ್ ಟಂಯ್ ಅವರ ಕಿವಿ ತಿಂದಿತ್ತು. ದಸ್ತಿ ಗುಟ್ಟಿಗಾಗಿ ಬಂದದ್ದಲ್ಲ, ಬೆರಳಿನಲ್ಲಿ ಮಾತಾಡಿದರೆ ಕಿವಿಯ ಕೆಲಸವಿಲ್ಲ ಎಂದು ಬಂದದ್ದು. ಗೆಳೆಯನ ಕಿವಿಯಾಗಿ ಮಲ್ಲಣ್ಣ ಅಷ್ಟು ವರ್ಷ ನಿಂತಿದ್ದ, ಆದರೂ ಕೇಳದೇ ಒಮ್ಮೆಯೂ ಹೇಳಿರಲಿಲ್ಲ. 'ಮುಂದ ನಿಂದ್ರಬೇಕು' ಅಂದರೆ ಮುಂದಾಳಾಗು ಎಂದಲ್ಲ. ಬರೀ ಮುಂದೆ ನಿಲ್ಲು, ನಿನ್ನ ಮುಖ ಅವರಿಗೆ ಕಾಣಲಿ ಎಂದು.

ಹೋಗಿ ಅವರ ಮುಂದೆ ನಿಂತೆ. ಬಾಯಿ ಬಿಡಲಿಲ್ಲ.

ಅವರು ನನ್ನ ಮುಖ ನೋಡಿದರು. ಆಮೇಲೆ ಹೆಗಲ ಮೇಲಿನ ದಸ್ತಿ ನೋಡಿದರು. ನೀಲಿ ಅಂಚು, ಬೀಡಿ ಸುಟ್ಟ ತೂತು. ಅದು ಯಾರದೆಂದು ಅವರಿಗೆ ಗೊತ್ತಾಗದೆ ಇರುತ್ತದೆಯೇ? ಅದು ನನ್ನ ಹತ್ತಿರ ಇದೆ ಎಂದರೆ ಮಲ್ಲಣ್ಣ ನನಗೆ ಎಲ್ಲವನ್ನೂ ಹೇಳಿಹೋಗಿದ್ದಾನೆ ಎಂದೂ ಹೊಳೆದಿರಬೇಕು. ಅವರ ಕಣ್ಣಲ್ಲಿ ಸಿಟ್ಟು ಬಂತೋ, ನಾಚಿಕೆ ಬಂತೋ, ನನಗೆ ತಿಳಿಯಲಿಲ್ಲ. ಕೇಳಲಿ, ದೇವರೇ, ಒಂದು ಸಲ ಕೇಳಲಿ ಎಂದು ಬೇಡಿಕೊಂಡೆ. ಅವರು ಕೈ ಚಾಚಿ ದಸ್ತಿಯನ್ನು ಎಳೆದುಕೊಂಡರು.

ದಸ್ತಿಯ ಕೆಳಗೆ ನಾನು ಒಂದು ಬೆರಳು ಕೊಟ್ಟೆ. ಅವರು ಅದನ್ನು ಹಿಡಿದುಕೊಂಡರು, ಬಿಡಲಿಲ್ಲ. ದಡ್ಡುಗಟ್ಟಿದ ಕೈ. "ಖರೇ?" ಎಂದು ತುಟಿಯಲ್ಲೇ ಕೇಳಿದರು. ನಾನು ತಲೆಯಾಡಿಸಿದೆ.

ಅವರು ಜನದ ಕಡೆ ತಿರುಗಿ, "ಸತ್ತಾನ!" ಎಂದರು.

ಈಗ ಕೂಗುವ ಪಾಳಿ ಆಳಂದದವರದು. "ಮೊದಲ ಉಳದ ಅಂದ್ರಿ, ಈಗ ಸತ್ತ ಅಂತೀರಿ! ಯಾಕ್ರೀ? ಅಂಜಿದ್ರೇನು?" ಎಂದು ಒಬ್ಬ ಮುಂದೆ ಬಂದು ಅವರ ಮುಖಕ್ಕೆ ಕೈ ಮಾಡಿ ಕೇಳಿದ. ಇಮಾಮಸಾಬರು ಅವನ ತುಟಿ ಓದಿದರು. ಆಮೇಲೆ ಎಲ್ಲರಿಗೂ ಮುಟ್ಟುವ ಹಾಗೆ, ತಮ್ಮ ದನಿ ಎಷ್ಟು ದೊಡ್ಡದೆಂದು ತಮಗೇ ತಿಳಿಯದವರ ಹಾಗೆ ಹೇಳಿದರು:

"ನನಗ ಕೇಳಂಗಿಲ್ಲ. ಅದಕ್ಕ ಕೇಳಿದೆ."

ಜನಕ್ಕೆ ಏನು ಅರ್ಥವಾಯಿತೋ. ಗದ್ದಲದಲ್ಲಿ ಕೇಳಿಸಲಿಲ್ಲ ಎಂದು ಕೆಲವರು ತಿಳಿದಿರಬೇಕು. ಮುದುಕರ ಮಾತಿನ ಚಮತ್ಕಾರ ಎಂದು ಕೆಲವರು ನಕ್ಕರು. ಇಷ್ಟು ವರ್ಷ ಬಚ್ಚಿಟ್ಟುಕೊಂಡದ್ದನ್ನು ಅವರು ಊರೆದುರು ಬಿಚ್ಚಿ ಹೇಳಿದ್ದರು, ಅದು ಎಷ್ಟು ಜನರ ಕಿವಿಗೆ ಹೋಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ಅವರು ಕೊರಳಿನಿಂದ ಸೀಟಿಯನ್ನು ಬಿಚ್ಚಿ, ಕರೀ ದಾರದ ಸಮೇತ ಸಿದ್ರಾಮಪ್ಪನ ಮುಂದೆ ಹಿಡಿದರು. ಮಾತು ಆಳಂದದ ಕಡೆ ವಾಲಿತ್ತಲ್ಲ, ಕೊಟ್ಟ ವಚನ ವಚನವೇ.

ಸಿದ್ರಾಮಪ್ಪ ಸೀಟಿ ನೋಡಿದ, ದಸ್ತಿ ನೋಡಿದ, ನನ್ನನ್ನು ನೋಡಿದ. ಅವನಿಗೆ ತಿಳಿಯಿತು ಅನಿಸುತ್ತದೆ. ಕುತ್ತಿಗೆಯ ಮಣ್ಣು ಒರೆಸಿಕೊಳ್ಳುತ್ತ, "ಊದ್ರಿ ಕಾಕಾ. ಆಟ ಇನ್ನ ಮುಗದಿಲ್ಲ" ಎಂದ.

ಇಮಾಮಸಾಬರು ಸೀಟಿಯನ್ನೇ ನೋಡುತ್ತಿದ್ದರು, ಅವನ ಬಾಯಿಯನ್ನಲ್ಲ. ಅವರಿಗೆ ಕೇಳಿಸಲಿಲ್ಲ. ಚಾಚಿದ ಕೈ ಚಾಚಿದಂತೆಯೇ ಇತ್ತು. ಇಡೀ ಅಂಗಳ ಅವರು ಊದುವುದನ್ನೇ ಕಾಯುತ್ತಿತ್ತು, ಅವರು ಸಿದ್ರಾಮಪ್ಪ ಸೀಟಿ ತೆಗೆದುಕೊಳ್ಳುವುದನ್ನು ಕಾಯುತ್ತಿದ್ದರು. ನಾನು ಮತ್ತೆ ಅವರ ಮುಂದೆ ಹೋಗಿ ನಿಂತೆ. ತುಟಿ ದೊಡ್ಡದಾಗಿ ಬಿಡಿಸಿ, "ಊದ್ರಿ ಅನ್ನಾಕತ್ತಾರ ಕಾಕಾ" ಎಂದೆ. ಅವರು ಒಂದು ಗಳಿಗೆ ನಂಬಲಿಲ್ಲ. ಆಮೇಲೆ ಊದಿದರು.

ಆ ದಿನ ಗೆದ್ದವರು ಯಾರು ಎಂದು ಸರಿಯಾಗಿ ನೆನಪಿಲ್ಲ, ಅಫಜಲಪುರದವರೇ ಇರಬೇಕು. ಮಳೆಗಾಲ ಹಿಡಿಯುವ ಮೊದಲೇ ನನ್ನನ್ನು ಯಡ್ರಾಮಿಯ ಶಾಲೆಗೆ ಹಾಕಿದರು. ಆ ಮಳೆಗಾಲದ ಕೊನೆಗೆ ನಮ್ಮ ಸೀಮೆಯ ರಾಜ್ಯವೇ ಬದಲಾಯಿತು, ಎರಡೂ ಕಡೆಯ ಜನ ಪಡಬಾರದ್ದನ್ನು ಪಟ್ಟರು. ಮುಂದೆ ನಾನು ಆಳಂದಕ್ಕೆ ಹೋದಾಗ ಅರಳೆ ಅಂಗಡಿಯ ಜಾಗದಲ್ಲಿ ಸೈಕಲ್ ರಿಪೇರಿ ನಡೆಯುತ್ತಿತ್ತು. ಇಮಾಮಸಾಬರು ಸೊಲ್ಲಾಪುರಕ್ಕೆ ಹೋದರು ಎಂದು ಒಬ್ಬರು, ಇಲ್ಲೇ ತೀರಿಕೊಂಡರು ಎಂದು ಇನ್ನೊಬ್ಬರು. ಮಲ್ಲಣ್ಣ ತಿರುಗಿ ಬಂದಿದ್ದ, ಗೆಳೆಯನನ್ನು ಹುಡುಕಿಕೊಂಡು ಮತ್ತೆ ಹೊರಟುಹೋದ ಎಂದು ಮತ್ತೊಬ್ಬರು. ಸತ್ತರೋ ಉಳಿದರೋ ಎಂದು ಬೆರಳು ಹಿಡಿದು ಕೇಳೋಣವೆಂದರೆ ಜೊತೆಯ ಪಂಚರು ಯಾರೂ ಉಳಿದಿಲ್ಲ. ಆ ದಸ್ತಿಯನ್ನು ಇಮಾಮಸಾಬರು ನನಗೆ ವಾಪಸು ಕೊಡಲಿಲ್ಲ, ಅದೊಂದು ನನಗೆ ಸಮಾಧಾನ.

ಕಲಬುರಗಿಯ ಮೈದಾನದಲ್ಲಿ ಮೂವರು ಅಂಪೈರುಗಳು ತಲೆ ಎತ್ತಿದರು. ಮೊದಲು ಕೈ ಅಗಲಿಸಿದ್ದವನೇ ಮುಂದೆ ಬಂದು ಈಗ ಮುಷ್ಟಿ ಕಟ್ಟಿ ಕೈ ಎತ್ತಿದ. ಒಂದು ಕಡೆ ಹೋ ಎಂದರು, ಇನ್ನೊಂದು ಕಡೆ ಹಾ ಎಂದರು. ಏನಾಯಿತೆಂದು ನನಗೆ ತಿಳಿಯುವಷ್ಟರಲ್ಲಿ ಸುಧಾ ಮೈಯೆಲ್ಲ ಧೂಳಾಗಿ ಬಂದು ನನ್ನ ಹಿಂದಿನ ಮೆಟ್ಟಿಲ ಮೇಲೆ ಧೊಪ್ಪೆಂದು ಕುಳಿತು ಏನೋ ಹೇಳಿದಳು. ಹ್ಞೂಂ ಅನ್ನಲು ಬಾಯಿ ತೆರೆದಿದ್ದೆ. ಅನ್ನಲಿಲ್ಲ. ಅವಳ ಗೆಳತಿಯರೆಲ್ಲ ಅಲ್ಲೇ ಇದ್ದರು. ನಾನು ತಿರುಗಿ, ಸ್ವಲ್ಪ ಗಟ್ಟಿಯಾಗಿಯೇ, "ನನಗ ಕೇಳಂಗಿಲ್ಲಬೇ ಸುಧಾ. ಮುಂದ ಬಂದು ಹೇಳು" ಎಂದೆ.

ಅವಳು ಎದ್ದು ಬಂದು ನನ್ನ ಮುಂದೆ ನಿಂತಳು. ಮುಖದ ಧೂಳಿನ ಮೇಲೆ ಕಣ್ಣೀರಿನ ಎರಡು ಗೆರೆ. "ಔಟ್ ಅಂದ್ರು ಅಜ್ಜಾ" ಎಂದು ತುಟಿ ಬಿಡಿಸಿ ಹೇಳಿದಳು, "ಖರೇನೂ ಔಟೇ ಆಗಿದ್ದೆ."